ಮುಳುಗಿದ ಊರಿನ ಸಿನಿಮಾ: ಗ್ರೀನ್ ಮ್ಯಾಟ್ ಹಾಕಿದರೆ ಎಲ್ಲ ಆಗುತ್ತಾ?

ಪ್ರಶ್ನೆ: ನಾನು ಗುಳೇದಗುಡ್ಡದವನು, ವಯಸ್ಸು 29. ಮದುವೆ ವಿಡಿಯೊ ಮಾಡುತ್ತೇನೆ, ಎರಡು ಕಿರುಚಿತ್ರ ತೆಗೆದಿದ್ದೇನೆ. ಈಗ ಮಕ್ಕಳಿಗಾಗಿ ಒಂದು ಫ್ಯಾಂಟಸಿ ಸಾಹಸ ಸಿನಿಮಾ ಬರೆದಿದ್ದೇನೆ. ಖಣ, ಅಂದರೆ ರವಿಕೆ ಬಟ್ಟೆ ನೇಯುವ ಅಜ್ಜ, 11 ವರ್ಷದ ಮೊಮ್ಮಗಳು. ಅಜ್ಜನ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ, ಮಗ್ಗದಲ್ಲಿ ನೂಲು ಓಡಿಸುವ ಅವನ ಹಳೆಯ ಲಾಳಿ ಅಲ್ಲೇ ಉಳಿದಿದೆ. ಹುಣ್ಣಿಮೆ ರಾತ್ರಿ ನೀರಿನ ಕೆಳಗೆ ಆ ಊರಿನ ದೀಪ ಹತ್ತುತ್ತವೆ. ಹುಡುಗಿ ತನ್ನ ಮುಧೋಳ ನಾಯಿ ಜೊತೆ ಲಾಳಿ ಹುಡುಕಿಕೊಂಡು ಕೆಳಗಿಳಿಯುತ್ತಾಳೆ. ಗುಡಿಗಳಲ್ಲಿ ಕೆತ್ತುವ ಸಿಂಹದಂಥ ಪ್ರಾಣಿ, ಕಲ್ಲಿನ ವ್ಯಾಳಿಯೊಂದು ಜೀವ ಬಂದು ದಾರಿಗೆ ಅಡ್ಡ ನಿಲ್ಲುತ್ತದೆ. ಲೆಕ್ಕ ಹಾಕಿದರೆ 380 ಶಾಟ್‌ಗೆ ಗ್ರಾಫಿಕ್ಸ್ ಬೇಕು. ಒಬ್ಬರು "ಎಲ್ಲ ಗ್ರೀನ್ ಮ್ಯಾಟ್‌ನಲ್ಲಿ ತೆಗೀರಿ, ಉಳಿದದ್ದು ನಮಗೆ ಬಿಡಿ, 12 ಲಕ್ಷಕ್ಕೆ ಮುಗಿಸಿಕೊಡ್ತೀವಿ" ಅಂದಿದ್ದಾರೆ. ಒಟ್ಟು 45 ಲಕ್ಷ ಬೇಕು. ಅಪ್ಪ 2 ಎಕರೆ ಹೊಲ ಮಾರಲು ಒಪ್ಪಿದ್ದಾರೆ. ಬಾದಾಮಿ, ಗೋಳಗುಮ್ಮಟದಲ್ಲಿ ಶೂಟಿಂಗ್ ಮಾಡಬಹುದಾ? ಈಗ ಎಐ ಬಂದಿದೆಯಲ್ಲ, ಖರ್ಚು ಇಳಿಯಲ್ವಾ? ಧೈರ್ಯ ಮಾಡಲಾ, ಬಿಡಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲನೇ ಸಲ ಕಥೆಗಾಗಿ, ಎರಡನೇ ಸಲ ಆ ಹೊಲದ ಮಾತಿಗಾಗಿ. ಗ್ರಾಫಿಕ್ಸ್, ಪರ್ಮಿಷನ್ ಎಲ್ಲ ಕೇಳಿದ್ದೀರಿ. ಆದರೆ ನಿಮ್ಮ ನಿಜವಾದ ಭಯ ಬೇರೆ ಅನಿಸಿತು. ಹೊಲ ಹೋಗಿ, ಸಿನಿಮಾನೂ ಅರ್ಧಕ್ಕೆ ನಿಂತರೆ ಅಪ್ಪನ ಮುಖ ಹೇಗೆ ನೋಡೋದು ಅನ್ನೋದು. ಹಾಗಾಗಿ ಮೊದಲೇ ಹೇಳುತ್ತೇನೆ. ಈಗ ಹೊಲ ಮಾರಬೇಡಿ. ಸಿನಿಮಾ ಬಿಡಲೂಬೇಡಿ. ಈ ಎರಡರ ನಡುವೆ ಒಂದು ದಾರಿ ಇದೆ.

ಆ 12 ಲಕ್ಷದ ಮಾತು ನೋಡೋಣ. 380 ಶಾಟ್‌ಗೆ ಹಂಚಿದರೆ ಒಂದಕ್ಕೆ ಸುಮಾರು 3,150 ರೂಪಾಯಿ. ಒಂದು ಶಾಟ್ ಸರಾಸರಿ 4 ಸೆಕೆಂಡ್ ಅಂದುಕೊಳ್ಳಿ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಅಂದರೆ ಒಟ್ಟು 36,480 ಫ್ರೇಮ್. ಹಿಂದಿನ ಆಕಾಶ ಬದಲಿಸುವ ಶಾಟ್ ಒಂದು ದಿನಕ್ಕೆ ಮುಗಿಯಬಹುದು. ವ್ಯಾಳಿ ಓಡಿ ಬಂದು ಹುಡುಗಿ ಮೇಲೆ ಬೀಳುವ ಶಾಟ್‌ಗೆ ಮಾಡೆಲ್ ಮಾಡುವವರು ಬೇರೆ, ಅದಕ್ಕೆ ಚಲನೆ ಕೊಡುವವರು ಬೇರೆ, ಬೆಳಕು ಹಾಕುವವರು ಬೇರೆ, ಕೊನೆಗೆ ಎಲ್ಲವನ್ನೂ ಜೋಡಿಸುವವರು ಬೇರೆ. ವಾರಗಟ್ಟಲೆ ಹಿಡಿಯುತ್ತದೆ. ಇಷ್ಟು ಕೈಗಳಿಗೆ 3,150 ರೂಪಾಯಿಯಲ್ಲಿ ಕೂಲಿ ಕೊಡೋದು ಹೇಗೆ? ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಬಹಳ ಜನ ನಂಬಿಕೊಂಡೇ ಹೀಗೆ ಒಪ್ಪಿಕೊಳ್ಳುತ್ತಾರೆ. ನೂರು ಶಾಟ್ ಆಗುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ, ಫೋನ್ ಎತ್ತುವುದು ಕಡಿಮೆಯಾಗುತ್ತದೆ. ಉಳಿದ 280 ಶಾಟ್‌ನಲ್ಲಿ ನಿಮ್ಮ ಹುಡುಗಿ ಹಸಿರು ಬಟ್ಟೆ ಮುಂದೆ ನಿಂತೇ ಇರುತ್ತಾಳೆ.

ಈಗ ಗ್ರೀನ್ ಮ್ಯಾಟ್ ವಿಷಯ. ಹಸಿರು ಬಟ್ಟೆ ಹಿಂದೆ ಹಾಕಿದರೆ ಕಂಪ್ಯೂಟರ್ ಅದನ್ನು ತಾನಾಗಿಯೇ ಅಳಿಸಿ ಆ ಜಾಗಕ್ಕೆ ಬೇರೆ ಚಿತ್ರ ಕೂರಿಸಿಬಿಡುತ್ತದೆ ಅನ್ನೋದು ಅರ್ಧ ಸತ್ಯ. ಹಸಿರೇ ಯಾಕೆ ಅಂದರೆ, ಕ್ಯಾಮೆರಾ ಸೆನ್ಸರ್‌ನಲ್ಲಿ ಬೆಳಕು ಹಿಡಿಯುವ ಬಿಂದುಗಳಲ್ಲಿ ಅರ್ಧ ಹಸಿರಿಗೆ ಮೀಸಲು. ಕೆಂಪು, ನೀಲಿಗೆ ತಲಾ ಕಾಲು ಭಾಗ. ಹಸಿರಿನ ಮಾಹಿತಿ ಜಾಸ್ತಿ ಇರುವುದರಿಂದ ಅಂಚು ಬಿಡಿಸುವುದು ಸುಲಭ. ಮೈಗೆ, ತಲೆಕೂದಲಿಗೆ ಹಸಿರು ಹತ್ತಿರವೂ ಇಲ್ಲ. ಇಷ್ಟು ಸರಿ. ಆದರೆ ಬಟ್ಟೆಯ ಮೇಲೆ ಬೆಳಕು ಒಂದೇ ಸಮ ಬೀಳಬೇಕು. ಸುಕ್ಕು ಇರಬಾರದು. ನಟರು ಅದರಿಂದ ಕನಿಷ್ಠ 8-10 ಅಡಿ ದೂರ ನಿಲ್ಲಬೇಕು, ಇಲ್ಲವಾದರೆ ಹಸಿರು ಬೆಳಕು ಅವರ ಭುಜಕ್ಕೆ, ಕಿವಿಗೆ ಹತ್ತಿಕೊಳ್ಳುತ್ತದೆ. ಅದಕ್ಕೆ ಸ್ಪಿಲ್ ಅನ್ನುತ್ತೇವೆ. ಅದನ್ನು ತೆಗೆಯುವಾಗ ಮುಖದ ಬಣ್ಣವೂ ಸಪ್ಪೆಯಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಬಾದಾಮಿ ಸುತ್ತಿನ ಕೆಂಪು ಧೂಳು. ಒಮ್ಮೆ ಗುಡ್ಡದ ಬುಡದಲ್ಲಿ 40 ಅಡಿಯ ಹಸಿರು ಬಟ್ಟೆ ಕಟ್ಟಿದ್ದೆವು. ಬೆಳಿಗ್ಗೆ 10 ಗಂಟೆಗೆ ಅದರ ಕೆಳಗಿನ ಮೂರು ಅಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹಗ್ಗ ಹಿಡಿದ ಹುಡುಗರ ಅಂಗೈ ಗುರುತು ಸಾಲಾಗಿ ಬಟ್ಟೆ ಮೇಲೆ ಮೂಡಿತ್ತು. ಗಾಳಿಗೆ ಬಟ್ಟೆ ಹಾಯಿಯ ಹಾಗೆ ಉಬ್ಬಿ ಅರ್ಧ ಬೆಳಕು, ಅರ್ಧ ನೆರಳು. ಕೊನೆಗೆ ಪ್ರತಿ ಫ್ರೇಮ್‌ನಲ್ಲೂ ನಟರ ಅಂಚನ್ನು ಕೈಯಿಂದ ಗೆರೆ ಎಳೆದು ಬಿಡಿಸಬೇಕಾಯಿತು. ರೋಟೋ ಅಂದರೆ ಇದೇ. ಬಟ್ಟೆ ಕಟ್ಟಿದ್ದು ದಂಡ.

ನಿಮ್ಮ ಕಥೆಯಲ್ಲಿ ಇನ್ನೂ ಒಂದು ಸಂಗತಿ. ಹುಡುಗಿ ಉಡುವುದು ಗುಳೇದಗುಡ್ಡದ ಖಣ ಅಲ್ವಾ? ಹಸಿರು ಖಣವಾದರೆ ಮೈಯೇ ಮಾಯ. ಬೇರೆ ಬಣ್ಣದ್ದಾದರೂ ಅದರ ಹೊಳಪು ಸುತ್ತಲಿನ ಹಸಿರನ್ನು ಕನ್ನಡಿಯಂತೆ ಹಿಡಿಯುತ್ತದೆ. ಖಣವನ್ನು ಬಿಡಬೇಡಿ, ಅದು ಕಥೆಯ ಜೀವ. ಗ್ರೀನ್ ಮ್ಯಾಟನ್ನೇ ಆದಷ್ಟು ಬಿಡಿ.

ಬಿಟ್ಟರೆ ಮತ್ತೇನು ಅಂತ ಕೇಳುತ್ತೀರಿ. ನೀವು ಬನಶಂಕರಿ ಜಾತ್ರೆ ನೋಡಿಯೇ ಬೆಳೆದಿರುತ್ತೀರಿ. ಬನದ ಹುಣ್ಣಿಮೆ ಹೊತ್ತಿಗೆ ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ನಾನು ಚಿಕ್ಕವನಿದ್ದಾಗ ಅಲ್ಲಿ ಒಂದು ಟ್ರಿಕ್ ಸೀನ್ ನೋಡಿದ್ದೆ. ಅರಮನೆ ಗೋಡೆ ಬರೆದ ಪರದೆ. ದೀಪ ಆರಿತು, ಇನ್ನೊಂದು ದೀಪ ಹತ್ತಿತು. ಅದೇ ಗೋಡೆಯ ಒಳಗಿಂದ ದೇವರು ಕಂಡ. ಎಷ್ಟೋ ವರ್ಷದ ಮೇಲೆ ಗುಟ್ಟು ತಿಳಿಯಿತು. ಪರದೆ ತೆಳು ಜಾಳಿಗೆ ಬಟ್ಟೆಯದು. ಮುಂದಿನಿಂದ ಓರೆಯಾಗಿ ಬೆಳಕು ಬಿಟ್ಟರೆ ಮೇಲಿನ ಬಣ್ಣ ಮಾತ್ರ ಕಾಣುತ್ತದೆ, ಬಟ್ಟೆ ಗೋಡೆಯಾಗುತ್ತದೆ. ಮುಂದಿನ ದೀಪ ಆರಿಸಿ ಹಿಂದೆ ಬೆಳಕು ಮಾಡಿದರೆ ಬಟ್ಟೆ ಇಲ್ಲವೇ ಇಲ್ಲ ಅನ್ನುವಷ್ಟು ಪಾರದರ್ಶಕ.

ಇದನ್ನೇ ನಿಮ್ಮ ಸಿನಿಮಾಕ್ಕೆ ತನ್ನಿ. ಅಜ್ಜನ ಮನೆಯ ಮಣ್ಣಿನ ಗೋಡೆಯನ್ನು ಜಾಳಿಗೆ ಬಟ್ಟೆ ಮೇಲೆ ಬರೆಸಿ. ಹುಡುಗಿ ಗೋಡೆ ಮುಟ್ಟುತ್ತಾಳೆ. ಮುಂದಿನ ಬೆಳಕು ನಿಧಾನಕ್ಕೆ ಇಳಿಯುತ್ತದೆ, ಹಿಂದಿನದು ಏರುತ್ತದೆ. ಗೋಡೆಯೊಳಗೆ ಮುಳುಗಿದ ಊರಿನ ಓಣಿ, ಒಂದೊಂದೇ ದೀಪ. ಒಂದೇ ಶಾಟ್, ಕಂಪ್ಯೂಟರ್ ಕೆಲಸ ಸೊನ್ನೆ. ಮಗುವಿನ ಮುಖದ ಮೇಲೆ ಬೀಳುವ ಬೆಳಕು ನಿಜವಾದದ್ದು, ಅವಳ ಬೆರಗೂ ನಿಜವಾದದ್ದು. ಹಸಿರು ಬಟ್ಟೆ ಮುಂದೆ ನಿಲ್ಲಿಸಿ "ಅಲ್ಲಿ ಊರಿದೆ ಅಂದುಕೋ ಪುಟ್ಟಿ" ಅಂದರೆ ಆ ಮುಖ ಬರುವುದಿಲ್ಲ. ಪರದೆ ಬರೆಯುವ ಕಲಾವಿದರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ, ಕೆಲಸ ಕಡಿಮೆಯಾಗಿದೆ. ಅವರನ್ನು ಹುಡುಕಿ.

ನೀರೊಳಗಿನ ದೃಶ್ಯಕ್ಕೂ ನೀರು ಬೇಕಿಲ್ಲ. ಹಿನ್ನೀರಿಗೆ ರಾತ್ರಿ ಹೊತ್ತು ಮಗುವನ್ನು ಇಳಿಸುವ ಯೋಚನೆಯನ್ನಂತೂ ಇವತ್ತೇ ಬಿಟ್ಟುಬಿಡಿ. ಕೆಳಗೆ ಮುಳ್ಳುಗಿಡ, ಬಿದ್ದ ಗೋಡೆ, ಮೀನಿನ ಬಲೆ, ಕೆಸರು ಎಲ್ಲ ಇರುತ್ತದೆ. ಖಾಲಿ ಗೋದಾಮು ಸಾಕು. ತೆಳ್ಳಗೆ ಹೊಗೆ ತುಂಬಿ, ಮೇಲಿನಿಂದ ನೀಲಿ-ಹಸಿರು ಬೆಳಕಿನ ಕೋಲು ಬಿಡಿ. ಬೆಳಕಿನ ಮುಂದೆ ನೀರು ತುಂಬಿದ ಗಾಜಿನ ತಟ್ಟೆ ಇಟ್ಟು ಅಲುಗಾಡಿಸಿದರೆ ನೆಲದ ಮೇಲೆ ಅಲೆಗಳ ನೆರಳು ಓಡಾಡುತ್ತದೆ. ಸೆಕೆಂಡಿಗೆ 48 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ತೋರಿಸಿ. ನಡಿಗೆ ಅರ್ಧ ವೇಗಕ್ಕೆ ಇಳಿದು ಮೈ ಹಗುರಾದಂತೆ ಕಾಣುತ್ತದೆ. ಸೆರಗಿನ ತುದಿಗೆ ಕಪ್ಪು ದಾರ ಕಟ್ಟಿ ಮೇಲಿನಿಂದ ಮೆಲ್ಲಗೆ ಎಳೆದರೆ ಅದು ತೇಲುತ್ತದೆ. ಹೊಗೆ ನೀರು ಆಧಾರಿತ ದ್ರವದ್ದೇ ಇರಲಿ, ಎಣ್ಣೆಯದ್ದು ಬೇಡ. ಪ್ರತಿ ಟೇಕ್ ಆದ ಮೇಲೆ ಬಾಗಿಲು ತೆಗೆದು ಮಗು, ನಾಯಿ ಇಬ್ಬರನ್ನೂ ಹೊರಗೆ ಕರೆದುಕೊಂಡು ಬನ್ನಿ.

ಮುಳುಗಿದ ಊರನ್ನು ಮೇಲಿನಿಂದ ತೋರಿಸುವ ಶಾಟ್‌ಗೆ ಮಿನಿಯೇಚರ್, ಅಂದರೆ ಊರಿನ ಪುಟ್ಟ ಮಾಡೆಲ್ ಮಾಡಿಸಿ. ಇದರಲ್ಲಿ ಒಂದು ಲೆಕ್ಕ ಗೊತ್ತಿರಲಿ. ಚಿಕ್ಕ ಮಾಡೆಲ್‌ನಲ್ಲಿ ಬೀಳುವ ಎತ್ತರವೂ ಚಿಕ್ಕದು, ಹಾಗಾಗಿ ಬಿದ್ದದ್ದು ಬೇಗ ನೆಲ ಮುಟ್ಟುತ್ತದೆ, ಅದಕ್ಕೇ ಅದು ಆಟಿಕೆ ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ. 9 ಪಟ್ಟು ಚಿಕ್ಕ ಮಾಡೆಲ್ ಆದರೆ, 9ರ ವರ್ಗಮೂಲ 3. ಅಂದರೆ 3 ಪಟ್ಟು ವೇಗದಲ್ಲಿ, ಸೆಕೆಂಡಿಗೆ 72 ಫ್ರೇಮ್‌ನಲ್ಲಿ ತೆಗೆಯಿರಿ. ಆಗ ಗೋಡೆ ಕುಸಿದರೂ ತೂಕ ಕಾಣುತ್ತದೆ. ನೀರಿನ ಹನಿ, ಬೆಂಕಿಯ ನಾಲಗೆ ಮಾತ್ರ ಯಾವ ಲೆಕ್ಕಕ್ಕೂ ಚಿಕ್ಕದಾಗುವುದಿಲ್ಲ. ಮಿನಿಯೇಚರ್‌ನಲ್ಲಿ ಅವೆರಡನ್ನು ಹತ್ತಿರದಿಂದ ತೋರಿಸಬೇಡಿ.

ಹೋಗಿ ನೋಡಬೇಕಾದ ಜಾಗವೂ ಒಂದಿದೆ. ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ಗುಡಿ ಮೇಲೆ ಬರುತ್ತದೆ. ಕ್ಯಾಮೆರಾ ಬೇಡ, ಸುಮ್ನೆ ಹೋಗಿ ಕೂತು ಬನ್ನಿ. ವರ್ಷದಲ್ಲಿ ಬಹುಕಾಲ ನೀರೊಳಗಿದ್ದ ಕಲ್ಲಿನ ಬಣ್ಣ ಹೇಗಿರುತ್ತದೆ, ಕೆಸರು ಎಲ್ಲಿ ಕೂರುತ್ತದೆ, ನೀರಿನ ಗೆರೆ ಎಷ್ಟು ಎತ್ತರಕ್ಕಿದೆ ಅಂತ ನೋಡಿ. ನಿಮ್ಮ ಮಿನಿಯೇಚರ್‌ಗೆ ಬಣ್ಣ ಹಚ್ಚುವವರನ್ನೂ ಕರೆದುಕೊಂಡು ಹೋಗಿ.

ಇನ್ನು ವ್ಯಾಳಿ. ಇಲ್ಲಿ ನಿಮಗೆ ಗೊತ್ತಿಲ್ಲದೆಯೇ ಒಂದು ಒಳ್ಳೆಯ ನಿರ್ಧಾರ ಮಾಡಿದ್ದೀರಿ. ಕಂಪ್ಯೂಟರ್ ಪ್ರಾಣಿಗಳಲ್ಲಿ ಖರ್ಚು ಜಾಸ್ತಿ ತಿನ್ನುವುದು ರೋಮ, ಚರ್ಮ, ಅದರ ಕೆಳಗೆ ಅಲುಗುವ ಮಾಂಸಖಂಡ. ಕಲ್ಲಿಗೆ ಇವು ಯಾವುವೂ ಇಲ್ಲ. ಬಿಡಿಬಿಡಿ ತುಂಡುಗಳು ಕೀಲಿನಲ್ಲಿ ತಿರುಗಿದರೆ ಸಾಕು. ಕಾಲೂರಿದಲ್ಲಿ ಪುಡಿ ಉದುರಲಿ. ಆ ಕಲ್ಲನ್ನು ನಿಮ್ಮೂರಿನ ಗುಡ್ಡದಿಂದಲೇ ತೆಗೆದುಕೊಳ್ಳಿ. ಗುಳೇದಗುಡ್ಡ-ಬಾದಾಮಿ ನಡುವೆ ಸ್ಮಾರಕಗಳಿಂದ ದೂರ ಇರುವ ಮರಳುಗಲ್ಲಿನ ಬಂಡೆಯೊಂದನ್ನು ಆರಿಸಿ. ಮೋಡ ಮುಸುಕಿದ ದಿನ, ನೆರಳು ಇಲ್ಲದಾಗ, ಸುತ್ತಲೂ ನಡೆಯುತ್ತಾ 200-300 ಫೋಟೊ ತೆಗೆಯಿರಿ. ಒಂದು ಫೋಟೊದ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಬೇಕು. ಈ ಫೋಟೊಗಳಿಂದ ಬಂಡೆಯ ಮೂರು ಆಯಾಮದ ಮಾಡೆಲ್ ಮಾಡುವ ಸಾಫ್ಟ್‌ವೇರ್ ಉಚಿತವಾಗಿಯೂ ಸಿಗುತ್ತದೆ. ಪದರ ಪದರವಾಗಿ ಓಡುವ ಆ ಕೆಂಪು ಗೆರೆಗಳು ವ್ಯಾಳಿಯ ಮೈಮೇಲೆ ಬಂದರೆ, ಅದು ಈ ಗುಡ್ಡದಲ್ಲೇ ಹುಟ್ಟಿದ್ದು ಅಂತ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ. ಅದನ್ನು ಪೂರ್ತಿ ತೋರಿಸುವ ಶಾಟ್ 10-12 ಇದ್ದರೆ ಸಾಕು. ಉಳಿದ ಕಡೆ ನೆರಳು, ಸದ್ದು, ಕೈಯಲ್ಲೇ ಕೆತ್ತಿಸಿದ ಒಂದು ಥರ್ಮಾಕೋಲ್ ಪಂಜ.

ಕಂಪ್ಯೂಟರ್ ಬೇಕೇ ಬೇಕಾದ ಶಾಟ್‌ಗಳಲ್ಲಿ ಜನ ತಪ್ಪುವುದು ಶೂಟಿಂಗ್ ದಿನವೇ. ನನ್ನದೇ ಒಂದು ಪ್ರಸಂಗ. ವಿಜಯಪುರದ ಹೊರಗೆ ಎರೆ ಹೊಲದಲ್ಲಿ ಕುದುರೆ ಸವಾರರು ಧೂಳೆಬ್ಬಿಸಿ ಬರುವ 9 ಸೆಕೆಂಡಿನ ಶಾಟ್. ಹಿಂದೆ ಕೋಟೆ ಸೇರಿಸಬೇಕಿತ್ತು. ಬೆಳಕು ಹೋಗುತ್ತಿದೆ ಅನ್ನುವ ಗಡಿಬಿಡಿಯಲ್ಲಿ ಯಾವ ಲೆನ್ಸ್ ಹಾಕಿದ್ದೆವು ಅಂತ ಯಾರೂ ಬರೆದುಕೊಳ್ಳಲಿಲ್ಲ. ಹೊಲದಲ್ಲಿ ಒಂದು ಗುರುತಿನ ಕೋಲೂ ನೆಟ್ಟಿರಲಿಲ್ಲ. ಕ್ಯಾಮೆರಾ ಎಷ್ಟು ಅಲುಗಿತು ಅಂತ ಸಾಫ್ಟ್‌ವೇರ್‌ಗೆ ಹಿಡಿಯಲು ಏನೂ ಸಿಗಲಿಲ್ಲ, ಎಲ್ಲ ಧೂಳು. 216 ಫ್ರೇಮ್‌ಗೆ ನಾಲ್ಕು ಜನ ಒಂದು ತಿಂಗಳು ಕೂತೆವು. ಆದರೂ ಕೋಟೆ ತೇಲಾಡುತ್ತಲೇ ಇತ್ತು. ಅದನ್ನು ತಪ್ಪಿಸಲು ಆ ಸಂಜೆ ಎರಡು ನಿಮಿಷ ಸಾಕಿತ್ತು.

ಆ ಎರಡು ನಿಮಿಷದಲ್ಲಿ ಏನು ಮಾಡಬೇಕು ಅಂದರೆ, ಲೆನ್ಸ್, ಕ್ಯಾಮೆರಾ ಎತ್ತರ, ವಾಲಿದ ಕೋನ ಬರೆದುಕೊಳ್ಳಿ. ನಟರಿಲ್ಲದ ಖಾಲಿ ಜಾಗವನ್ನು ಅದೇ ಫ್ರೇಮ್‌ನಲ್ಲಿ ಒಮ್ಮೆ ತೆಗೆಯಿರಿ, ಅದೇ ಕ್ಲೀನ್ ಪ್ಲೇಟ್. ನಟ ನಿಂತ ಜಾಗದಲ್ಲಿ ಒಂದು ಹೊಳೆಯುವ ಉಕ್ಕಿನ ಚೆಂಡು, ಒಂದು ಬೂದು ಬಣ್ಣದ ಚೆಂಡು ಹಿಡಿದು ರೆಕಾರ್ಡ್ ಮಾಡಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಮೊದಲನೆಯದು ಹೇಳುತ್ತದೆ, ಎಷ್ಟು ಗಡಸು ಅಂತ ಎರಡನೆಯದು. ನಿಮ್ಮ ಮದುವೆ ಕ್ಯಾಮೆರಾ 8 ಬಿಟ್ 4:2:0ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಈ ಶಾಟ್‌ಗಳಿಗೆ ಅದು ಬೇಡ. ಅದು ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇಡುತ್ತದೆ, ಕೂದಲಿನ ಅಂಚು ಗರಗಸದಂತಾಗುತ್ತದೆ. ಬಣ್ಣದ ಮಾಹಿತಿ ಇನ್ನೂ ಹೆಚ್ಚು ಇಡುವ 10 ಬಿಟ್ 4:2:2 ಕ್ಯಾಮೆರಾ ಬಾಡಿಗೆಗೆ ತನ್ನಿ.

ಪರ್ಮಿಷನ್. ಬಾದಾಮಿ ಗುಹೆಗಳು, ಐಹೊಳೆ, ಪಟ್ಟದಕಲ್ಲು, ಗೋಳಗುಮ್ಮಟ ಎಲ್ಲವೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿವೆ. 1958ರ ಪುರಾತನ ಸ್ಮಾರಕಗಳ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಸಿನಿಮಾ ಶೂಟಿಂಗ್‌ಗೆ ಲೈಸೆನ್ಸ್ ಬೇಕು, ದಿನದ ಲೆಕ್ಕದಲ್ಲಿ ಶುಲ್ಕ, ಜೊತೆಗೆ ಠೇವಣಿ. ಸ್ಕ್ರಿಪ್ಟ್‌ನಲ್ಲಿ ಅಲ್ಲಿ ಏನು ತೆಗೆಯುತ್ತೀರಿ ಅಂತ ತಿಳಿಸಬೇಕು. ಬಾದಾಮಿಗೆ ಧಾರವಾಡ ವಲಯದ ಕಚೇರಿಯಲ್ಲಿ ವಿಚಾರಿಸಿ, 3 ತಿಂಗಳ ಮುಂಚಿನ ಕೆಲಸ ಅಂತ ಇಟ್ಟುಕೊಳ್ಳಿ. "ಕಾವಲಿನವರು ಪರಿಚಯ, ಬೆಳಿಗ್ಗೆ ಬೇಗ ಹೋಗಿ ತೆಗೆದುಬಿಡೋಣ" ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಲೈಸೆನ್ಸ್ ಇಲ್ಲದ ಒಂದು ಶಾಟ್ ಇಡೀ ಸಿನಿಮಾಕ್ಕೆ ಕಂಟಕ ಆಗಬಹುದು, ಆ ಕಾವಲಿನವರ ನೌಕರಿಗೂ. 578ನೇ ಇಸವಿಯ ಶಾಸನ ಇರುವ ಮೂರನೇ ಗುಹೆಯ ಗೋಡೆ ಪಕ್ಕ ಲೈಟ್ ಸ್ಟ್ಯಾಂಡ್ ಉರುಳಿ ಬಿದ್ದರೆ ಏನಾಗುತ್ತದೆ ಯೋಚಿಸಿ.

ನನ್ನ ಸಲಹೆ, ಸ್ಮಾರಕದಲ್ಲಿ ಒಂದೇ ದಿನ. ಅಗಸ್ತ್ಯ ತೀರ್ಥ, ಅದರ ದಂಡೆಯ ಭೂತನಾಥ ಗುಡಿ, ಸಂಜೆ ಬಿಸಿಲು. ಉಳಿದದ್ದಕ್ಕೆ ಅದೇ ಕಲ್ಲಿನ ಬೇರೆ ಗುಡ್ಡಗಳಿವೆ. ಅಲ್ಲಿಯೂ ಜಾಗ ಕಂದಾಯದ್ದಾ, ಅರಣ್ಯದ್ದಾ ಅಂತ ನೋಡಿ ಆಯಾ ಇಲಾಖೆಯನ್ನು ಕೇಳಿ. ಗೋಳಗುಮ್ಮಟ ನಿಮ್ಮ ಕಥೆಗೆ ಚಿತ್ರಕ್ಕಿಂತ ಸದ್ದಿಗೆ ಬೇಕು ಅನಿಸುತ್ತದೆ. ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೇಗೆ ಹಲವು ಸಲ ಮರಳಿ ಬರುತ್ತದೆ ಅಂತ ಅನುಮತಿ ಪಡೆದು, ಜನ ಬರುವ ಮುಂಚೆ ರೆಕಾರ್ಡ್ ಮಾಡಿಕೊಂಡರೆ, ಆ ಪ್ರತಿಧ್ವನಿಯನ್ನೇ ಕಂಪ್ಯೂಟರ್‌ನಲ್ಲಿ ಅಜ್ಜನ ದನಿಗೆ ತೊಡಿಸಬಹುದು. ಮುಳುಗಿದ ಊರಿನಲ್ಲಿ ಯಾರೋ ಕರೆದಂತೆ ಕೇಳಿಸುತ್ತದೆ.

ನೀವು ಕೇಳದೇ ಇದ್ದ ಎರಡು ವಿಷಯ ಇವೆ, ಎರಡೂ ಮುಖ್ಯ. ನಾಯಿಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮುಂಚೆಯೇ ಬೇಕು, ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಸಿನಿಮಾ ನಿಲ್ಲುತ್ತದೆ. ಬಾದಾಮಿಯ ಮಂಗಗಳನ್ನು ಹಿಡಿದು ನಟನೆ ಮಾಡಿಸುವುದಂತೂ ಕಾನೂನಿನಲ್ಲೇ ನಿಷಿದ್ಧ. ಮಗುವಿನ ಕೆಲಸಕ್ಕೆ ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರಬಾರದು, ವಿಶ್ರಾಂತಿ ಇಲ್ಲದೆ 3 ಗಂಟೆ ಮೀರಬಾರದು. ಸಂಭಾವನೆಯಲ್ಲಿ ಕನಿಷ್ಠ ನೂರಕ್ಕೆ 20 ಅವಳ ಹೆಸರಿನ ಠೇವಣಿಗೆ ಹೋಗಬೇಕು. ನಿಮ್ಮ ಕಥೆಯಲ್ಲಿ ಅವಳಿಲ್ಲದ ದೃಶ್ಯವೇ ಇಲ್ಲ. ಹಾಗಾಗಿ ನಿಮ್ಮ ಶೂಟಿಂಗ್ ದಿನ ಅಂದರೆ 5 ಗಂಟೆ, 12 ಅಲ್ಲ. ಬಜೆಟ್ ಹಾಕುವಾಗ ಈ ಲೆಕ್ಕ ಹಿಡಿದಿದ್ದೀರಾ?

ಎಐ ಬಗ್ಗೆ ಚುಟುಕಾಗಿ. ಊರು ಹೇಗಿರಬೇಕು, ವ್ಯಾಳಿ ಹೇಗಿರಬೇಕು ಅಂತ ತಂಡಕ್ಕೆ ತೋರಿಸುವ ಚಿತ್ರಗಳಿಗೆ ಬಳಸಿ. ರೋಟೋ ಕೆಲಸದಲ್ಲಿ ಈಗ ನಿಜವಾಗಿಯೂ ಹೊತ್ತು ಉಳಿಯುತ್ತದೆ. ಆದರೆ ಪೂರ್ತಿ ದೃಶ್ಯ ಮಾಡಿಸಿದರೆ ಒಂದು ಶಾಟ್‌ನ ವ್ಯಾಳಿಗೂ ಮುಂದಿನ ಶಾಟ್‌ನ ವ್ಯಾಳಿಗೂ ಹೋಲಿಕೆ ತಪ್ಪುತ್ತದೆ. ಖಣದ ಅಂಚಿನ ನಕ್ಷೆ ಶಾಟ್ ಶಾಟ್‌ಗೂ ಬದಲಾಗುತ್ತದೆ. ನೇಕಾರರ ಊರಿನ ಸಿನಿಮಾದಲ್ಲಿ ಅದನ್ನು ನಿಮ್ಮ ಪಕ್ಕದ ಮನೆಯವರೇ ಮೊದಲು ಹಿಡಿಯುತ್ತಾರೆ.

ಈಗ ದಾರಿಗಳು. ನೀವು ಅಂದುಕೊಂಡಂತೆ 45 ಲಕ್ಷಕ್ಕೆ 380 ಶಾಟ್‌ನ ಸಿನಿಮಾಕ್ಕೆ ಇಳಿದರೆ, ಅದು ಅರ್ಧಕ್ಕೆ ನಿಲ್ಲುವ ಸಾಧ್ಯತೆಯೇ ಜಾಸ್ತಿ. ಸರ್ಕಾರದ ಸಹಾಯಧನ ಬರುತ್ತಲ್ಲ ಅಂತ ಯಾರಾದರೂ ಹೇಳಿದರೆ, ಅದು ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲೆ, ಆಯ್ಕೆಯಾದ ಚಿತ್ರಗಳಿಗೆ ಸಿಗುವಂಥದ್ದು. ಅದನ್ನು ನಂಬಿ ಸಾಲ ಮಾಡುವ ಹಾಗಿಲ್ಲ. ಎರಡನೇ ದಾರಿ, ಇದೇ ಸಿನಿಮಾವನ್ನು ಪರದೆ, ಹೊಗೆ, ಮಿನಿಯೇಚರ್ ಕಡೆ ತಿರುಗಿಸಿ ಕಂಪ್ಯೂಟರ್ ಶಾಟ್‌ಗಳನ್ನು 70ಕ್ಕೆ ಇಳಿಸುವುದು. ಇದು ಆಗುವ ಕೆಲಸ. ಆದರೆ ತಯಾರಿಗೇ ಆರೆಂಟು ತಿಂಗಳು ಬೇಕು, ಪ್ರತಿ ಶಾಟ್ ಹೇಗೆ ಕಾಣುತ್ತದೆ ಅಂತ ಮೊದಲೇ ಬರೆದ ಚಿತ್ರ, ಅಂದರೆ ಸ್ಟೋರಿಬೋರ್ಡ್, ಕೈಯಲ್ಲಿರಬೇಕು, ಶೂಟಿಂಗ್ ದಿನ "ಹೊಸ ಐಡಿಯಾ ಬಂತು" ಅನ್ನುವಂತಿಲ್ಲ. ಗ್ರಾಫಿಕ್ಸ್‌ನವರ ಜೊತೆ ಒಪ್ಪಂದವೂ ಶಾಟ್ ಲೆಕ್ಕದಲ್ಲಿರಲಿ. ಮೊದಲು ಒಂದು ಕಷ್ಟದ ಶಾಟ್ ಪೂರ್ತಿ ಮಾಡಿ ತೋರಿಸಲಿ, ಅದಕ್ಕೆ ದುಡ್ಡು ಕೊಡಿ. ಮಾಡೆಲ್ ಫೈಲ್‌ಗಳು ನಿಮ್ಮ ಹತ್ತಿರವೂ ಇರಬೇಕು ಅಂತ ಬರೆಸಿ.

ಮೂರನೆಯದು ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುವಂಥದ್ದು. ಕಥೆಯ ಒಂದು ತುಂಡು ಮಾತ್ರ, 12 ನಿಮಿಷ. ಅಜ್ಜ ಮಗ್ಗದ ಮುಂದೆ ಕೂತು ಲಾಳಿಯ ಕಥೆ ಹೇಳುತ್ತಾನೆ, ಗೋಡೆ ತೆರೆಯುತ್ತದೆ, ಹುಡುಗಿ ಮತ್ತು ನಾಯಿ ಒಳಗೆ ಹೋಗುತ್ತಾರೆ, ಕೊನೆಯಲ್ಲಿ ಒಂದು ಕಲ್ಲಿನ ಕಣ್ಣು ತೆರೆಯುತ್ತದೆ. ಜಾಳಿಗೆ ಪರದೆ ಒಂದು, ಹೊಗೆಯ ಗೋದಾಮು ಮೂರು ದಿನ, ಕಂಪ್ಯೂಟರ್ ಶಾಟ್ ನಾಲ್ಕೈದು. ಮದುವೆ ಸೀಸನ್‌ನ ದುಡಿಮೆಯಲ್ಲೇ ಇದು ಆಗಬಹುದು, ಹೊಲ ಹೊಲವಾಗಿಯೇ ಇರುತ್ತದೆ. ಅಪಾಯ ಒಂದೇ, ಒಂದು ವರ್ಷ ಹಿಡಿಯುತ್ತದೆ, ಆಮೇಲೂ ನಿರ್ಮಾಪಕರು ಸಿಗದೇ ಹೋಗಬಹುದು. ಆದರೂ ಆ ಪರದೆ, ಆ ವ್ಯಾಳಿಯ ಮಾಡೆಲ್, ಕೆಲಸ ಕಲಿತ ತಂಡ ಎಲ್ಲ ನಿಮ್ಮ ಹತ್ತಿರ ಉಳಿದಿರುತ್ತದೆ.

ಅದು ಮುಗಿದ ದಿನ ಊರಿನ ಯಾವುದಾದರೂ ಶಾಲೆಯಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಕಥೆ ಗೊತ್ತಿಲ್ಲದ ಮಕ್ಕಳಿಗೆ ತೋರಿಸಿ. ಅಪ್ಪನನ್ನೂ ಹಿಂದಿನ ಸಾಲಿನಲ್ಲಿ ಕೂರಿಸಿ. ಮುಗಿದ ಮೇಲೆ ನೀವು ಏನೂ ಮಾತಾಡಬೇಡಿ, ಮಕ್ಕಳು ಕೇಳುವುದನ್ನು ಬರೆದುಕೊಳ್ಳಿ. "ಅದನ್ನ ಹೆಂಗ ಮಾಡಿದ್ರಿ?" ಅಂತ ಕೇಳಿದರೆ ಇನ್ನೂ ತಿದ್ದುವುದಿದೆ. "ಆಮ್ಯಾಲೆ ನಾಯಿ ಏನಾತು?" ಅಂತ ಕೇಳಿದರೆ, ಆ 12 ನಿಮಿಷವನ್ನು ಹಿಡಿದುಕೊಂಡು ನಿರ್ಮಾಪಕರ ಬಾಗಿಲಿಗೆ ಹೋಗಿ.